ಏಪ್ರಿಲ್‌ನಲ್ಲೇ ಸೋಲುವ ತಂಡ: ಕಾಯಬೇಕಾ, ಕೈ ಬಿಡಬೇಕಾ?

ಪ್ರಶ್ನೆ: ನಮ್ಮೂರು ದಾವಣಗೆರೆ. ಈಗ ಅಟ್ಲಾಂಟಾ ಹತ್ತಿರದ ಆಲ್ಫರೆಟ್ಟಾದಲ್ಲಿದ್ದೇವೆ. ಮಗನ ದೆಸೆಯಿಂದ ಬೇಸ್‌ಬಾಲ್ ನೋಡಲು ಶುರು ಮಾಡಿದೆ, ಈಗ ಅವನಿಗಿಂತ ನನಗೇ ಹುಚ್ಚು ಜಾಸ್ತಿ. 2025ರಲ್ಲಿ ನಮ್ಮ ಬ್ರೇವ್ಸ್ ಮೊದಲ 7 ಪಂದ್ಯಗಳನ್ನೂ ಸೋತರು. ಎಲ್ಲರೂ "ಇನ್ನೂ ಏಪ್ರಿಲ್ ಅಲ್ವಾ, ಸುಮ್ನಿರಿ" ಅಂದರು. ಹಿಂದಿನ ವರ್ಷ ನ್ಯೂಯಾರ್ಕ್ ಮೆಟ್ಸ್ ಮೊದಲ 5 ಸೋತರೂ ಪ್ಲೇಆಫ್‌ನಲ್ಲಿ ತುಂಬ ದೂರ ಹೋದರು ಅಂತ ಸಮಾಧಾನ ಹೇಳಿದರು. ನಂಬಿ ಕಾದೆ. ಕೊನೆಗೆ 76 ಗೆಲುವು, 86 ಸೋಲು. ಪ್ಲೇಆಫ್ ಇಲ್ಲ. ಯಾವ ಸೋಲಿಗೆ ತಲೆ ಕೆಡಿಸಿಕೊಳ್ಳಬೇಕು, ಯಾವುದಕ್ಕೆ ಬೇಡ ಅಂತ ಏಪ್ರಿಲ್‌ನಲ್ಲೇ ತಿಳಿಯುವ ದಾರಿ ಇದೆಯಾ? ಕೋಟಿಗಟ್ಟಲೆ ಸಂಬಳ ತಗೊಂಡು ಆಟಗಾರರು ಮೈಗಳ್ಳತನ ಮಾಡುತ್ತಾರೆ ಅಂತ ನನ್ನ ಅನುಮಾನ. ತಂಡ ನಡೆಸುವ ಮ್ಯಾನೇಜರ್‌ನನ್ನು ಬೇಗ ತೆಗೆದಿದ್ದರೆ ಸರಿಹೋಗುತ್ತಿತ್ತಾ? ಆಫೀಸಿನ ಗೆಳೆಯನೊಬ್ಬ "ಇಷ್ಟು ಸೋತ ಮೇಲೆ ಇನ್ನು ಗೆಲ್ಲಲೇಬೇಕು" ಅಂತಿದ್ದ. ಅದರಲ್ಲಿ ಏನಾದರೂ ಸತ್ಯ ಇದೆಯಾ? ಕೊನೆಯದಾಗಿ, ಮುಂದಿನ ಸೀಸನ್‌ಗೆ 20 ಪಂದ್ಯಗಳ ಟಿಕೆಟ್ ಮುಂಗಡ ತೆಗೆದುಕೊಳ್ಳಲಾ?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಸೋಲಿಗಿಂತ, ಸಮಾಧಾನ ಹೇಳಿ ಕಾಯಿಸಿದರಲ್ಲ ಅನ್ನೋದೇ ನಿಮಗೆ ಹೆಚ್ಚು ನೋವು ಕೊಟ್ಟ ಹಾಗಿದೆ. ಆಟದ ಅಂಕಿ-ಅಂಶ ನೋಡುವುದೇ ನನ್ನ ಕೆಲಸ. ಹಾಗಾಗಿ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಬ್ರೇವ್ಸ್ ಮುಳುಗಿದ್ದು ಆ 7 ಸೋಲಿನಿಂದ ಅಲ್ಲ. ಆ ಗುಂಡಿಯಿಂದ ಅವರು ಮೇಲೆ ಬಂದಿದ್ದರು. ಮೇ ಮಧ್ಯದ ಹೊತ್ತಿಗೆ ಗೆಲುವು-ಸೋಲು ಸಮ ಆಗಿತ್ತು. ಮತ್ತೆ ಕುಸಿದದ್ದು ಆಮೇಲೆ, ಬೇರೆಯೇ ಕಾರಣಕ್ಕೆ. "ಇನ್ನೂ ಏಪ್ರಿಲ್" ಅಂದವರು ಸುಳ್ಳು ಹೇಳಲಿಲ್ಲ. ಆದರೆ ಅವರು ನೋಡುತ್ತಿದ್ದದ್ದು ಸೋಲಿನ ಲೆಕ್ಕವನ್ನು ಮಾತ್ರ. ನೋಡಬೇಕಿದ್ದದ್ದು ಚೆಂಡೆಸೆಯುವ ಪಿಚರ್‌ಗಳ ಭುಜ, ಮೊಣಕೈಗಳನ್ನು.

ಆ ಮೊದಲ ವಾರ ನೆನಪು ಮಾಡಿಕೊಳ್ಳಿ. ಮಾರ್ಚ್ 27ರಿಂದ ಸ್ಯಾನ್ ಡಿಯಾಗೋದಲ್ಲಿ 4 ಪಂದ್ಯ, ಅಲ್ಲಿಂದ ಲಾಸ್ ಏಂಜಲೀಸ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಡಾಡ್ಜರ್ಸ್ ಎದುರು 3. ಏಳೂ ಪರಊರಿನಲ್ಲಿ, ಎರಡೂ ಗಟ್ಟಿ ತಂಡಗಳು. ಏಳನೆಯ ಪಂದ್ಯದಲ್ಲಿ 5-0 ಮುಂದಿದ್ದರು. ಕೊನೆಯ, ಒಂಬತ್ತನೇ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್‌ನ ಓಟಾನಿ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದು 6-5ಕ್ಕೆ ಮುಗಿಸಿದ. ಮನೆಗೆ ಬಂದು ಮಯಾಮಿ ಎದುರು ಆಡಿದ ಮೊದಲ ಪಂದ್ಯವನ್ನು 10-0 ಗೆದ್ದರು. ಇದು ಸತ್ತ ತಂಡದ ಲಕ್ಷಣ ಅಲ್ಲ.

ನಾವು ಕನ್ನಡಿಗರು ಇಲ್ಲಿ ಎಡವುವುದಕ್ಕೆ ಒಂದು ಕಾರಣ ಐಪಿಎಲ್. ಅಲ್ಲಿ ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ. 2024ರಲ್ಲಿ ಆರ್‌ಸಿಬಿ ಮೊದಲ 8ರಲ್ಲಿ 7 ಸೋತಾಗ ಎಲ್ಲರೂ ಕೈ ಚೆಲ್ಲಿದ್ದೆವು. ಅವರು ಆಮೇಲೆ ಸತತ 6 ಗೆದ್ದು ಪ್ಲೇಆಫ್‌ಗೆ ಹೋದರು ಅನ್ನೋದು ಬೇರೆ ಮಾತು. ಬೇಸ್‌ಬಾಲ್‌ನಲ್ಲಿ 162 ಪಂದ್ಯ. ತೂಕ ಹಾಕಿ ನೋಡಿದರೆ ಬೇಸ್‌ಬಾಲ್‌ನ 7 ಪಂದ್ಯ ಅಂದರೆ ಐಪಿಎಲ್‌ನ ಅರ್ಧ ಪಂದ್ಯಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕೊಹ್ಲಿ ಪವರ್‌ಪ್ಲೇನಲ್ಲಿ ಔಟಾದ ಕೂಡಲೇ ಸೀಸನ್ ಮುಗಿಯಿತು ಅನ್ನುತ್ತೇವಾ? ಅನ್ನುವವರೂ ಇದ್ದಾರೆ, ಬಿಡಿ.

ಅದೃಷ್ಟದ ಪಾಲು ಎಷ್ಟು ಅಂತ ಒಂದು ಲೆಕ್ಕ ಕೊಡುತ್ತೇನೆ. ಸರಿಯಾಗಿ ಅರ್ಧ ಗೆಲ್ಲುವ, ಅರ್ಧ ಸೋಲುವ ಸಾಧಾರಣ ತಂಡ ಒಂದಿದೆ ಅಂದುಕೊಳ್ಳಿ. ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದ ಹಾಗೆ. ಮೊದಲ 30 ಪಂದ್ಯದಲ್ಲಿ ಈ ತಂಡ 12 ಅಥವಾ ಅದಕ್ಕೂ ಕಡಿಮೆ ಗೆಲ್ಲುವ ಸಂಭವ ಶೇಕಡಾ 18. ಅಂದರೆ ಇಂಥ ಆರು ತಂಡಗಳಿದ್ದರೆ ಸುಮಾರಾಗಿ ಒಂದು ತಂಡ, ಯಾರ ತಪ್ಪೂ ಇಲ್ಲದೆ, ಏಪ್ರಿಲ್ ಮುಗಿಯುವಾಗ 12-18ರಲ್ಲಿ (12 ಗೆಲುವು, 18 ಸೋಲು) ಅಥವಾ ಅದಕ್ಕೂ ಕೆಳಗೆ ನಿಂತಿರುತ್ತದೆ. ಅದರ ಅಭಿಮಾನಿಗಳು ಮ್ಯಾನೇಜರ್‌ಗೆ ಬೈಯುತ್ತಿರುತ್ತಾರೆ. ಇನ್ನು 90 ಪಂದ್ಯ ಗೆಲ್ಲುವಷ್ಟು ಒಳ್ಳೆಯ ತಂಡವೇ ಆದರೂ, ಸೀಸನ್‌ನಲ್ಲಿ ಎಲ್ಲಾದರೂ ಒಂದು ಕಡೆ ಸತತ 7 ಸೋಲುವ ಸಂಭವ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. ಅದು ಜುಲೈನಲ್ಲಿ ಬಂದರೆ ಮರೆತುಬಿಡುತ್ತೇವೆ. ಮೊದಲ ವಾರವೇ ಬಂದರೆ ಪಟ್ಟಿಯಲ್ಲಿ 0-7 ಅಂತ ಕಣ್ಣಿಗೆ ರಾಚುತ್ತದೆ.

ಹಾಗಂತ "ಏನೂ ಪರವಾಗಿಲ್ಲ" ಅನ್ನುವುದೂ ತಪ್ಪು. ನಿಮ್ಮ ಗೆಳೆಯ ಎಡವುವುದು ಇಲ್ಲೇ. ಸೋತ ತಂಡ ಮುಂದೆ ಜಾಸ್ತಿ ಗೆದ್ದು ಲೆಕ್ಕ ಸರಿ ಮಾಡುತ್ತದೆ ಅನ್ನೋದು ಜೂಜುಕೋರರ ಹಳೇ ಭ್ರಮೆ. ನಾಣ್ಯಕ್ಕೆ ನೆನಪಿಲ್ಲ. 90 ಗೆಲ್ಲಬೇಕಿದ್ದ ತಂಡ 0-7 ಆದರೆ, ಉಳಿದ 155ರಲ್ಲಿ ತನ್ನ ಮಾಮೂಲಿ ವೇಗದಲ್ಲಿ ಆಡಿದರೆ 86 ಗೆಲ್ಲುತ್ತದೆ. 90 ಅಲ್ಲ. ಕಳೆದ ನಾಲ್ಕು ಗೆಲುವು ಕಳೆದಂತೆಯೇ. ಈ ನಾಲ್ಕಕ್ಕೆ ಬೆಲೆ ಇದೆ. ಇಲ್ಲಿ ಎರಡು ಲೀಗ್‌ಗಳಿವೆ, 2022ರಿಂದ ಪ್ರತಿ ಲೀಗ್‌ನಲ್ಲಿ 6 ತಂಡ ಪ್ಲೇಆಫ್‌ಗೆ ಹೋಗುತ್ತವೆ. ಬ್ರೇವ್ಸ್ ಇರುವ ನ್ಯಾಷನಲ್ ಲೀಗ್‌ನಲ್ಲಿ ಆರನೆಯ ಸ್ಥಾನಕ್ಕೆ 2022ರಲ್ಲಿ 87 ಗೆಲುವು ಬೇಕಾಯಿತು, 2023ರಲ್ಲಿ 84, 2024ರಲ್ಲಿ 89, 2025ರಲ್ಲಿ 83. ಅಂದರೆ 90ರ ತಂಡ ಆರಾಮಾಗಿ ಒಳಗೆ ಹೋಗುತ್ತದೆ. 86ರ ತಂಡ ಕೊನೆಯ ದಿನದವರೆಗೂ ಉಗುರು ಕಚ್ಚಿಕೊಂಡು ಕೂರುತ್ತದೆ. ಗೆಳೆಯ ಈ ನಂಬಿಕೆ ಮೇಲೆ ದುಡ್ಡು ಕಟ್ಟುವ ಪೈಕಿ ಆಗಿದ್ದರೆ ಸ್ವಲ್ಪ ಬುದ್ಧಿ ಹೇಳಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಏಪ್ರಿಲ್‌ನಲ್ಲಿ ಏನು ನೋಡಬೇಕು?

ಬ್ಯಾಟಿಂಗ್ ಸರಾಸರಿಯನ್ನು, ಅಂದರೆ ಬ್ಯಾಟರ್‌ನ ಎಷ್ಟು ಪ್ರಯತ್ನ ಹಿಟ್ ಆಯಿತು ಅನ್ನೋದನ್ನು ನೋಡಬೇಡಿ. ಹಿಟ್ ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಸೇರುವುದು. ಟಿವಿಯಲ್ಲಿ ಮೊದಲು ತೋರಿಸುವುದು ಅದನ್ನೇ, ಮೋಸ ಮಾಡುವುದೂ ಅದೇ. ಬ್ಯಾಟರ್ ಚೆನ್ನಾಗಿ ಹೊಡೆದ ಚೆಂಡು ಫೀಲ್ಡರ್ ಕೈಗೆ ನೇರವಾಗಿ ಹೋಗಬಹುದು. ಕೆಟ್ಟದಾಗಿ ತಾಗಿದ್ದು ಇಬ್ಬರ ನಡುವೆ ಬೀಳಬಹುದು. ಹೋಮ್ ರನ್ ಬಿಟ್ಟು, ಮೈದಾನದೊಳಗೆ ಹೊಡೆದ ಚೆಂಡುಗಳಲ್ಲಿ ಲೀಗ್ ಸರಾಸರಿಯಂತೆ ಶೇಕಡಾ 30ಕ್ಕೆ ಹತ್ತಿರದಷ್ಟು ಹಿಟ್ ಆಗುತ್ತವೆ. ಒಬ್ಬ ಒಳ್ಳೆಯ ಬ್ಯಾಟರ್‌ಗೆ ಏಪ್ರಿಲ್‌ನಲ್ಲಿ ಇದು 20 ಇದ್ದರೆ, ಬಹುಪಾಲು ಅದೃಷ್ಟ ಕೈಕೊಟ್ಟಿದೆ ಅಂತಲೇ ಅರ್ಥ. ಬ್ಯಾಟಿಂಗ್ ಸರಾಸರಿ ನಂಬುವಂತಾಗಲು ಒಂದು ಪೂರ್ತಿ ಸೀಸನ್ ಕೂಡ ಸಾಲದು. ಬ್ಯಾಟರ್ ಎಷ್ಟು ಸಲ ಸ್ಟ್ರೈಕ್‌ಔಟ್ ಆಗುತ್ತಾನೆ, ಅಂದರೆ ಚೆಂಡು ಹೊಡೆಯಲಾಗದೆ ಔಟಾಗುತ್ತಾನೆ, ಅನ್ನೋದು ಹಾಗಲ್ಲ. ಸುಮಾರು 60 ಸಲ ಬ್ಯಾಟಿಂಗ್‌ಗೆ ಬಂದರೆ ಆ ಅಂಕಿಗೆ ಒಂದಿಷ್ಟು ಅರ್ಥ ಬರುತ್ತದೆ. ದಿನಾ ಆಡುವವನಿಗೆ ಏಪ್ರಿಲ್ ಮಧ್ಯಕ್ಕೇ ಅಷ್ಟಾಗಿರುತ್ತದೆ. ಹಾಗಾಗಿ ನಿಮ್ಮ ನೆಚ್ಚಿನ ಬ್ಯಾಟರ್‌ಗೆ ಹಿಟ್ ಬರುತ್ತಿಲ್ಲ, ಆದರೆ ಸ್ಟ್ರೈಕ್‌ಔಟ್ ಮೊದಲಿನಷ್ಟೇ ಇದೆ, ಚೆಂಡು ಗಟ್ಟಿಯಾಗಿಯೇ ತಾಗುತ್ತಿದೆ ಅಂದರೆ ಕಾಯಿರಿ. ಬರೀ ಗಾಳಿಗೆ ಬ್ಯಾಟ್ ಬೀಸುತ್ತಿದ್ದಾನೆ ಅಂದರೆ ಚಿಂತೆ ಮಾಡಿ.

ಇನ್ನೊಂದು, ಚಳಿ. ಏಪ್ರಿಲ್‌ನ ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ಎತ್ತರಕ್ಕೆ ಹೊಡೆದ ಚೆಂಡು ಕೆಲವು ಅಡಿ ಹಿಂದೆಯೇ ಬೀಳುತ್ತದೆ. ಜುಲೈನಲ್ಲಿ ಹೋಮ್ ರನ್ ಆಗುವುದು ಆಗ ಗೋಡೆ ಹತ್ತಿರ ಕ್ಯಾಚ್ ಆಗುತ್ತದೆ. ಅದು ಎರಡೂ ತಂಡಕ್ಕೂ ಒಂದೇ, ನಿಜ. ಆದರೆ ಹೋಮ್ ರನ್ ಮೇಲೇ ನಿಂತ ತಂಡಕ್ಕೆ ಏಟು ಸ್ವಲ್ಪ ಜಾಸ್ತಿ.

ಗೆಲುವು-ಸೋಲಿನ ಪಟ್ಟಿಗಿಂತ, ಹೊಡೆದ ರನ್ ಎಷ್ಟು, ಕೊಟ್ಟ ರನ್ ಎಷ್ಟು ಅಂತ ನೋಡಿ. ಬಿಲ್ ಜೇಮ್ಸ್ ಅನ್ನುವವರು ಇದಕ್ಕೆ ಒಂದು ಸುಲಭ ಸೂತ್ರ ಕೊಟ್ಟರು. ಹೊಡೆದ ರನ್ನಿನ ವರ್ಗ, ಕೊಟ್ಟ ರನ್ನಿನ ವರ್ಗ, ಎರಡನ್ನೂ ಕೂಡಿ. ಮೊದಲನೆಯದನ್ನು ಆ ಮೊತ್ತದಿಂದ ಭಾಗಿಸಿ. ಬರುವುದೇ ಆ ತಂಡ ಗೆಲ್ಲಬೇಕಿದ್ದ ಪ್ರಮಾಣ. 30 ಪಂದ್ಯದಲ್ಲಿ 130 ಹೊಡೆದು 120 ಕೊಟ್ಟಿದ್ದರೆ ಉತ್ತರ 0.54, ಅಂದರೆ 16 ಗೆಲುವು. ಪಟ್ಟಿಯಲ್ಲಿ 12 ಮಾತ್ರ ಇದ್ದರೆ, ಒಂದೊಂದು ರನ್ನಿನಿಂದ ಸೋತಿರುತ್ತಾರೆ. ಅದು ಹೆಚ್ಚಾಗಿ ಸರಿಹೋಗುತ್ತದೆ. 100 ಹೊಡೆದು 150 ಕೊಟ್ಟು 12 ಗೆದ್ದಿದ್ದರೆ ಆ 12 ಕೂಡ ಪುಣ್ಯ. ಮಗನ ಕೈಲಿ ಈ ಲೆಕ್ಕ ಮಾಡಿಸಿ. ಗಣಿತ ಮೇಷ್ಟ್ರು ಕೊಡುವ ಮನೆಗೆಲಸಕ್ಕಿಂತ ಚೆನ್ನಾಗಿ ಮಾಡುತ್ತಾನೆ.

ಇಷ್ಟೆಲ್ಲ ಹೇಳಿದ ಮೇಲೆ, ನಾನು ಮೊದಲು ನೋಡುವುದು ಇದ್ಯಾವುದೂ ಅಲ್ಲ. ಪಿಚರ್‌ನ ವೇಗ ನೋಡುತ್ತೇನೆ. ಅದರಲ್ಲಿ ಅದೃಷ್ಟದ ಮಾತೇ ಇಲ್ಲ. ಮೂರ್ನಾಲ್ಕು ಪಂದ್ಯದಲ್ಲೇ ಕಥೆ ಗೊತ್ತಾಗುತ್ತದೆ. ಏಪ್ರಿಲ್‌ನಲ್ಲಿ ಗಂಟೆಗೆ ಒಂದು ಮೈಲಿ ಕಡಿಮೆ ಇರುವುದು ಮಾಮೂಲು, ಮೈ ಇನ್ನೂ ಬಿಸಿಯಾಗಿರುವುದಿಲ್ಲ. ಎರಡು ಮೈಲಿ ಕಡಿಮೆಯಾಗಿ ಮೇಲೇಳದೇ ಇದ್ದರೆ ಏನೋ ಆಗಿದೆ ಅಂತ ಲೆಕ್ಕ. ನಿಮ್ಮ ಸ್ಪೆನ್ಸರ್ ಸ್ಟ್ರೈಡರ್ 2023ರಲ್ಲಿ ಗಂಟೆಗೆ 97 ಮೈಲಿಯ ಆಸುಪಾಸು ಎಸೆಯುತ್ತಿದ್ದರು. 2024ರಲ್ಲಿ ಮೊಣಕೈ ಆಪರೇಷನ್ ಆಯಿತು. 2025ರಲ್ಲಿ ವಾಪಸ್ ಬಂದಾಗ ವೇಗ 95ರ ಆಸುಪಾಸು. ಕೇಳೋಕೆ ಸಣ್ಣ ವ್ಯತ್ಯಾಸ. ಆದರೆ 97ಕ್ಕೆ ಬ್ಯಾಟರ್ ತಡವಾಗಿ ಬೀಸುತ್ತಿದ್ದ ಚೆಂಡೇ 95ಕ್ಕೆ ಗೋಡೆ ದಾಟುತ್ತದೆ.

ಈಗ ಆ ವರ್ಷದ ಪಿಚರ್‌ಗಳ ಸಾಲು ನೋಡಿ. ರೇನಾಲ್ಡೋ ಲೋಪೆಜ್ ಒಂದೇ ಪಂದ್ಯ ಎಸೆದು ಭುಜದ ಆಪರೇಷನ್‌ಗೆ ಹೋದರು. ಮೇ ಕೊನೆಗೆ ಸ್ಮಿತ್-ಶಾವರ್ ಮೊಣಕೈ ಹೋಯಿತು. ಜೂನ್‌ನಲ್ಲಿ ಕ್ರಿಸ್ ಸೇಲ್ ಚೆಂಡು ಹಿಡಿಯಲು ಹಾರಿ ಪಕ್ಕೆಲುಬು ಮುರಿದುಕೊಂಡರು. ಹಿಂದಿನ ವರ್ಷ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವರು ಅವರು. ಜುಲೈ ಹೊತ್ತಿಗೆ ಶ್ವೆಲೆನ್‌ಬಾಕ್, ಆಮೇಲೆ ಗ್ರಾಂಟ್ ಹೋಮ್ಸ್, ಇಬ್ಬರದೂ ಮೊಣಕೈ. ಒಂದು ತಂಡದ ಮುಖ್ಯ ಪಿಚರ್‌ಗಳು ಐದು ಜನ. ಆ ಜಾಗಗಳು ಒಂದೊಂದಾಗಿ ಖಾಲಿಯಾಗುತ್ತಾ ಹೋದರೆ ಭಾರವೆಲ್ಲ ಬುಲ್‌ಪೆನ್ ಮೇಲೆ, ಅಂದರೆ ಪಂದ್ಯದ ನಡುವೆ ಇಳಿಯುವ ಬದಲಿ ಪಿಚರ್‌ಗಳ ಮೇಲೆ ಬೀಳುತ್ತದೆ. ಜೂನ್ 5ರಂದು ಅರಿಜೋನಾ ಎದುರು ಒಂಬತ್ತನೇ ಇನಿಂಗ್ಸ್‌ಗೆ 10-4 ಮುಂದಿದ್ದು 11-10ಕ್ಕೆ ಸೋತದ್ದು ನೆನಪಿದೆಯಲ್ಲ? ನೀವು ಆ ರಾತ್ರಿ ಊಟ ಮಾಡಿರಲಾರಿರಿ. ನನ್ನ ಲೆಕ್ಕದಲ್ಲಿ ಆ ವರ್ಷದ ನಿಜವಾದ ಅಪಶಕುನ 0-7 ಅಲ್ಲ, ಮೊದಲ ವಾರ ಲೋಪೆಜ್ ಭುಜ ಹಿಡಿದುಕೊಂಡದ್ದು. ಬ್ಯಾಟರ್ ಜುರಿಕ್ಸನ್ ಪ್ರೊಫಾರ್ ನಿಷೇಧಿತ ಔಷಧದ ಕಾರಣಕ್ಕೆ ಮಾರ್ಚ್ 31ರಂದು 80 ಪಂದ್ಯಗಳಿಗೆ ಅಮಾನತಾದದ್ದೂ ಅದೇ ವಾರ. ಮುಖ್ಯ ಬ್ಯಾಟರ್ ಅಕುನ್ಯಾ ಮೊಣಕಾಲಿನ ಗಾಯದಿಂದ ಮೇ 23ರವರೆಗೆ ಬರಲೇ ಇಲ್ಲ.

ಮೆಟ್ಸ್‌ನದು ತದ್ವಿರುದ್ಧ. 2024ರ ಮೇ ಕೊನೆಯ ವಾರದಲ್ಲಿ ಅವರು 22-33. ಅದು ಬ್ರೇವ್ಸ್‌ನ ಮೊದಲ ವಾರಕ್ಕಿಂತ ಎಷ್ಟೋ ಕೆಟ್ಟ ಸ್ಥಿತಿ. ಆದರೆ ಅವರಿಗೆ ಆಟಗಾರರು ಹೋಗುತ್ತಿರಲಿಲ್ಲ, ಬರುತ್ತಿದ್ದರು. ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಫ್ರಾನ್ಸಿಸ್ಕೋ ಅಲ್ವಾರೆಜ್ ಹೆಬ್ಬೆರಳಿನ ಆಪರೇಷನ್ ಮುಗಿಸಿ ಜೂನ್‌ನಲ್ಲಿ ಮರಳಿದರು. ಮಾರ್ಕ್ ವಿಯೆಂಟೋಸ್ ಕೆಳಗಿನ ಲೀಗ್‌ನಿಂದ ಮೇಲೆ ಬಂದು ನೆಲೆಯೂರಿದರು. ಲಿಂಡೋರ್ ಮೇ ಮಧ್ಯದಿಂದ ಮೊದಲನೆಯವರಾಗಿ ಬ್ಯಾಟ್ ಮಾಡತೊಡಗಿದರು. ಜನ ಮಾತ್ರ ಜೂನ್ 12ರಂದು ಮೆಕ್‌ಡೊನಾಲ್ಡ್ಸ್‌ನ ನೇರಳೆ ಬಣ್ಣದ ಗ್ರಿಮೇಸ್ ಬೊಂಬೆ ಬಂದು ಮೊದಲ ಚೆಂಡು ಎಸೆದದ್ದೇ ಕಾರಣ ಅಂದರು. ಆ ದಿನದಿಂದ 7 ಸತತ ಗೆದ್ದದ್ದು ನಿಜ. ನಮ್ಮಲ್ಲಿ ದೃಷ್ಟಿ ತೆಗೆಸುವ ಹಾಗೆ ಅಲ್ಲೂ ಒಂದಿಷ್ಟು ನಂಬಿಕೆ ಇರುತ್ತದೆ, ಇರಲಿ. ಕೊನೆಗೆ 89-73. ಪ್ಲೇಆಫ್ ಖಚಿತ ಮಾಡಿಕೊಂಡದ್ದು ನಿಮ್ಮೂರಲ್ಲೇ, ಸೆಪ್ಟೆಂಬರ್ 30ರಂದು, ಲಿಂಡೋರ್ ಹೋಮ್ ರನ್‌ನಿಂದ 8-7ಕ್ಕೆ. ಗಾಯಕ್ಕೆ ಉಪ್ಪು ಹಾಕುತ್ತಿದ್ದೇನೆ, ಕ್ಷಮಿಸಿ.

ವಾಷಿಂಗ್ಟನ್ ನ್ಯಾಷನಲ್ಸ್ 2019ರದೂ ಇದೇ ಜಾತಿ. ಮೊದಲ 50 ಪಂದ್ಯದಲ್ಲಿ 19-31. ಶುರುವಲ್ಲೇ ಟ್ರೇ ಟರ್ನರ್ ಬೆರಳು ಮುರಿದಿತ್ತು, ರೆಂಡನ್ ಮತ್ತು ಸೋಟೋ ಕೂಡ ಕೆಲ ದಿನ ಹೊರಗಿದ್ದರು. ಎಲ್ಲರೂ ವಾಪಸ್ ಬಂದ ಮೇಲೆ ಉಳಿದದ್ದರಲ್ಲಿ 74-38. ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದರು. ಇನ್ನೊಂದು ತುದಿಗೆ ಶಿಕಾಗೋ ವೈಟ್ ಸಾಕ್ಸ್, 2024ರಲ್ಲಿ 3-22ರಿಂದ ಶುರು ಮಾಡಿ 121 ಸೋತರು. ಅಲ್ಲಿ ವಾಪಸ್ ಬರಲು ಯಾರೂ ಇರಲಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ "ಎಷ್ಟು ಸೋತರು" ಅಲ್ಲ. "ಯಾರು ಬರುವವರಿದ್ದಾರೆ, ಯಾರು ಹೋಗುವವರಿದ್ದಾರೆ" ಅನ್ನೋದು. ಶುಭಾರಂಭವನ್ನೂ ಹೀಗೇ ಅನುಮಾನದಿಂದ ನೋಡಿ. 2018ರಲ್ಲಿ ಮೆಟ್ಸ್ 11-1ರಿಂದ ಶುರು ಮಾಡಿ 77-85ಕ್ಕೆ ಮುಗಿಸಿದರು.

ಮೈಗಳ್ಳತನದ ವಿಷಯ. ಸಿಟ್ಟಲ್ಲಿ ಅನ್ನಿಸುವುದು ಸಹಜ, ಆದರೆ ಆಧಾರ ಇಲ್ಲ. ನಿಮ್ಮ ತಂಡದ ಮ್ಯಾಟ್ ಓಲ್ಸನ್ ಆ ಸೋತ ವರ್ಷದಲ್ಲೂ 162ಕ್ಕೆ 162 ಆಡಿದರು. ಮೈಕಲ್ ಹ್ಯಾರಿಸ್ ಮೊದಲರ್ಧ ಒದ್ದಾಡಿದರು, ಎರಡನೆಯ ಅರ್ಧದಲ್ಲಿ ಚಚ್ಚಿದರು. ಸಂಬಳ ಎರಡೂ ಅರ್ಧಕ್ಕೆ ಒಂದೇ. ಸಂಬಳ ಗೆಲುವು ತರುತ್ತದೆ ಅನ್ನೋದೂ ಪೂರ್ತಿ ನಿಜ ಅಲ್ಲ. 2023ರಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಳ ಕೊಟ್ಟ ಮೆಟ್ಸ್ ಗೆದ್ದದ್ದು 75. ಹಿಟ್ ಸಿಗದವನು ಬೆಳಗಿನಿಂದ ನೆಟ್‌ನಲ್ಲಿ ಬ್ಯಾಟ್ ಬೀಸುತ್ತಿರುತ್ತಾನೆ. ಟಿವಿಗೆ ಕಾಣುವುದು ಅವನು ತಲೆ ತಗ್ಗಿಸಿ ಡಗೌಟ್‌ಗೆ ಹೋಗುವುದು ಮಾತ್ರ.

ಮ್ಯಾನೇಜರ್ ಬದಲಾವಣೆ? ಫಿಲಡೆಲ್ಫಿಯಾ 2022ರಲ್ಲಿ 22-29 ಇದ್ದಾಗ ಜೋ ಜಿರಾರ್ಡಿಯನ್ನು ತೆಗೆದು ರಾಬ್ ಥಾಮ್ಸನ್‌ಗೆ ಕೊಟ್ಟಿತು. ಅವರು 65-46 ಮಾಡಿ ವರ್ಲ್ಡ್ ಸೀರೀಸ್‌ವರೆಗೆ ಹೋದರು. ಎಲ್ಲರೂ ಇದನ್ನೇ ತೋರಿಸುತ್ತಾರೆ. 2025ರಲ್ಲಿ ಕೊಲರಾಡೋ 7-33 ಇದ್ದಾಗ ಬಡ್ ಬ್ಲ್ಯಾಕ್ ಅವರನ್ನು ತೆಗೆದು 119 ಸೋತಿತು, ಅದನ್ನು ಯಾರೂ ಹೇಳುವುದಿಲ್ಲ. 19-31 ಆದ ನ್ಯಾಷನಲ್ಸ್ ಮ್ಯಾನೇಜರ್ ಡೇವ್ ಮಾರ್ಟಿನೆಜ್ ಅವರನ್ನು ಉಳಿಸಿಕೊಂಡೇ ಕಪ್ ಗೆದ್ದಿತು. ಆಟಗಾರರ ಜೊತೆ ಸಂಬಂಧ ಕೆಟ್ಟಿದ್ದರೆ ಬದಲಾವಣೆಯಿಂದ ಉಪಯೋಗ ಇದೆ. ಪಿಚರ್ ಮೊಣಕೈ ಕೆಟ್ಟಿದ್ದರೆ ಯಾವ ಮ್ಯಾನೇಜರ್ ಏನು ಮಾಡಿಯಾನು? ನಿಮ್ಮ ಆಗಿನ ಮ್ಯಾನೇಜರ್ ಬ್ರಯಾನ್ ಸ್ನಿಟ್ಕರ್ 2021ರಲ್ಲಿ ನಿಮಗೆ ಕಪ್ ತಂದುಕೊಟ್ಟವರು. ಆ ವರ್ಷ ಆಗಸ್ಟ್ ತನಕ ಗೆಲುವು ಸೋಲಿಗಿಂತ ಒಮ್ಮೆಯೂ ಹೆಚ್ಚಾಗಿರಲಿಲ್ಲ. ಅವರನ್ನು 2025ರ ಏಪ್ರಿಲ್‌ನಲ್ಲಿ ತೆಗೆದಿದ್ದರೆ ಅಭಿಮಾನಿಗಳಿಗೆ ಒಂದು ವಾರ ಸಮಾಧಾನ ಸಿಗುತ್ತಿತ್ತು, ಅಷ್ಟೇ. ಸೀಸನ್ ಮುಗಿದ ಮೇಲೆ ಅವರೇ ಕೆಳಗಿಳಿದರು.

ಕ್ಲಬ್ ಮುಂದೆ ಬೇರೆ ದಾರಿಗಳೂ ಇರುತ್ತವೆ, ಯಾವುದೂ ಪುಕ್ಕಟೆ ಅಲ್ಲ. ಏಪ್ರಿಲ್‌ನಲ್ಲಿ ವ್ಯಾಪಾರಕ್ಕೆ ಹೋದರೆ ಒಳ್ಳೆಯ ಆಟಗಾರನನ್ನು ಯಾರೂ ಮಾರುವುದಿಲ್ಲ. ಮಾರಿದರೂ ಮೂರು ಪಟ್ಟು ಬೆಲೆ, ನಾಳೆಯ ಹುಡುಗರನ್ನು ಕೊಡಬೇಕು. ಜುಲೈ ಕೊನೆಯ ಗಡುವಿನ ತನಕ ಕಾದರೆ ಬೆಲೆ ಇಳಿಯುತ್ತದೆ, ಅಷ್ಟರಲ್ಲಿ ನೂರು ಪಂದ್ಯ ಮುಗಿದಿರುತ್ತವೆ. 2021ರಲ್ಲಿ ಬ್ರೇವ್ಸ್ ಹಾಗೆ ಕಾದೇ ಸೊಲೆರ್, ರೊಸಾರಿಯೋ, ಡುವಾಲ್ ಅವರನ್ನು ತಂದರು. ಸೊಲೆರ್ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ ಆದರು. ಕೆಳಗಿನ ಲೀಗ್‌ನಿಂದ ಹುಡುಗನನ್ನು ಕರೆಸುವುದು ಅಗ್ಗ. ಆದರೆ ಅವನು ಪಕ್ವವಾಗಿಲ್ಲದಿದ್ದರೆ ಆತ್ಮವಿಶ್ವಾಸ ಮುರಿದು ವಾಪಸ್ ಹೋಗುತ್ತಾನೆ. ಕೆಲವೊಮ್ಮೆ ಗಾಯವೇ ಬಾಗಿಲು ತೆರೆಯುತ್ತದೆ. 2025ರಲ್ಲಿ ಶಾನ್ ಮರ್ಫಿ ಪಕ್ಕೆಲುಬಿಗೆ ಪೆಟ್ಟಾದದ್ದರಿಂದ ಡ್ರೇಕ್ ಬಾಲ್ಡ್ವಿನ್‌ಗೆ ಮೊದಲ ದಿನದಿಂದ ಕ್ಯಾಚರ್ ಜಾಗ ಸಿಕ್ಕಿತು. ವರ್ಷದ ಕೊನೆಗೆ ನ್ಯಾಷನಲ್ ಲೀಗ್‌ನ ಶ್ರೇಷ್ಠ ಹೊಸ ಆಟಗಾರ ಅವರೇ.

ಟಿಕೆಟ್ ವಿಷಯ. ನಾನಾದರೆ 20 ಪಂದ್ಯಕ್ಕೆ ಮುಂಗಡ ಕೊಡುವುದಿಲ್ಲ. ತಂಡ ಸೋಲುತ್ತಿದ್ದರೆ ಮರುಮಾರಾಟದಲ್ಲಿ ಬೆಲೆ ಬೀಳುತ್ತದೆ, ಮುಂಗಡ ಕೊಟ್ಟವರಿಗೆ ನಷ್ಟ, ಕಾದವರಿಗೆ ಲಾಭ. ಗೆಲ್ಲುತ್ತಿದ್ದರೆ ಉಲ್ಟಾ. ಪ್ಲೇಆಫ್ ಟಿಕೆಟ್‌ನಲ್ಲಿ ಮುಂಗಡದವರಿಗೆ ಸಾಮಾನ್ಯವಾಗಿ ಮೊದಲ ಅವಕಾಶ ಸಿಗುತ್ತದೆ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ. ಅದು ನಿಮಗೆ ಮುಖ್ಯ ಅಲ್ಲದಿದ್ದರೆ ಪಂದ್ಯ ನೋಡಿಕೊಂಡು ಒಂದೊಂದೇ ತೆಗೆದುಕೊಳ್ಳಿ. ವಾರದ ನಡುವಿನ ಪಂದ್ಯಗಳು ಅಗ್ಗ. ಮೆಟ್ಸ್, ಫಿಲೀಸ್, ಡಾಡ್ಜರ್ಸ್ ಬಂದಾಗ ಮಾತ್ರ ತಂಡ ಸೋಲುತ್ತಿದ್ದರೂ ಬೆಲೆ ಅಷ್ಟಾಗಿ ಇಳಿಯುವುದಿಲ್ಲ, ಅವನ್ನು ಬೇಗ ತೆಗೆದಿಡಿ. ಮತ್ತೆ, ಟಿಕೆಟ್ ಕೊಳ್ಳುವ ಮೊದಲು ಆ ದಿನ ಯಾರು ಪಿಚರ್ ಅಂತ ನೋಡಿ. ಒಂದೆರಡು ದಿನ ಮುಂಚೆಯೇ ಹಾಕಿರುತ್ತಾರೆ.